ಅರಗಿಗೆ ದೀಪ ಒಲಿದ ಬಗೆ

ಹಳೇ ಬಲ್ಬ್ ಬಿಚ್ಚಲು ಹೋದಾಗ ಗಾಜಿನ ಬುರುಡೆಯಷ್ಟೇ ಕೈಗೆ ಬಂದು, ಲೋಹದ ಟೊಪ್ಪಿಗೆ ಹೋಲ್ಡರಿನಲ್ಲೇ ಉಳಿದುಬಿಡುವುದನ್ನು ನಲವತ್ತು ದಾಟಿದವರೆಲ್ಲ ಕಂಡಿದ್ದಾರೆ. ಮೇನ್ ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ಇಕ್ಕಳದಿಂದ ಆ ಟೊಪ್ಪಿಗೆಯನ್ನು ಒತ್ತಿ ತಿರುಗಿಸಿ ತೆಗೆಯುವುದು ಮನೆಯ ಹಿರಿಯರ ಕೆಲಸವಾಗಿತ್ತು. ತೆಗೆದ ಟೊಪ್ಪಿಗೆಯೊಳಗೆ ಇಣುಕಿದರೆ ಅಂಚಿನ ಸುತ್ತ ಗಟ್ಟಿಯಾಗಿ ಅಂಟಿಕೊಂಡ ಒಂದು ಬಳೆ ಕಾಣುತ್ತಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಗಾಜಿಗೂ ಲೋಹಕ್ಕೂ ನಂಟು ಕೂಡಿಸಿದ ಗಾರೆ ಅದು. ಅಮೃತಶಿಲೆಯ ನುಣ್ಣನೆ ಪುಡಿ, ರಾಳ, ಅರಗು ಇಷ್ಟನ್ನು ಸ್ಪಿರಿಟ್ಟಿನಲ್ಲಿ ಕಲಸಿ, ಟೊಪ್ಪಿಗೆಗೆ ಮೆತ್ತಿ, ಗಾಜಿನ ಕುತ್ತಿಗೆಗೆ ತೊಡಿಸಿ, ಬಿಸಿಯಲ್ಲಿ ಸುಟ್ಟು ಗಟ್ಟಿ ಮಾಡುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಬಣ್ಣವಾಗಿ ಕೂರುವ ಅದೇ ಅರಗು ಮನೆಮನೆಯ ಬಲ್ಬಿನ ಕುತ್ತಿಗೆಯಲ್ಲೂ ಕೂತಿತ್ತು.

ಚನ್ನಪಟ್ಟಣದ ಅಂಗಡಿಗಳಲ್ಲಿ ಈಗ ಆಟಿಕೆಗಳ ಪಕ್ಕದಲ್ಲಿ ಟೇಬಲ್ ದೀಪ, ತೂಗುದೀಪ, ಮಲಗುವ ಕೋಣೆಯ ಪುಟ್ಟ ದೀಪಗಳು ಸಾಲಾಗಿ ಕೂತಿವೆ. ಬಲ್ಬಿನ ಸುತ್ತಲೂ ಅರಗಿನ ಬಣ್ಣ ಹೊತ್ತ ಮರ. ದೀಪ ಮತ್ತು ಅರಗಿನ ನಂಟು ನೂರು ವರ್ಷಕ್ಕೂ ಹಳೆಯದು. ಆದರೆ ಇಷ್ಟು ಹತ್ತಿರ ಬರಲು ಅವೆರಡೂ ಬಹಳ ಕಾಲ ಕಾಯಬೇಕಾಯಿತು. ಕಾಯಿಸಿದ್ದು ಬಿಸಿ.

ಮುತ್ತುಗ, ಎಲಚಿಯಂಥ ಮರಗಳ ರೆಂಬೆಗೆ ಅಂಟಿ ರಸ ಹೀರುವ ಒಂದು ಸಣ್ಣ ಕೀಟ ತನ್ನ ಮೈಸುತ್ತ ಕಟ್ಟಿಕೊಳ್ಳುವ ಕವಚವೇ ಅರಗು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬರುವುದು ಜಾರ್ಖಂಡ್, ಛತ್ತೀಸಗಢದ ಕಾಡುಗಳಿಂದ. ಇದರ ಗುಣಗಳು ವಿಶೇಷ. ಗಾಜು, ಲೋಹ, ಮರ ಮೂರಕ್ಕೂ ಅಂಟುತ್ತದೆ, ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಬಿಸಿಗೆ ಕರಗಿ ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿಯೇ ವಿದ್ಯುತ್ತಿನ ಮೊದಲ ದಶಕಗಳಲ್ಲಿ ಮೋಟರಿನ ಸುರುಳಿಗಳಿಗೆ ಬಳಿಯಲು, ಅಭ್ರಕದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಲು ಅರಗೇ ಬೇಕಿತ್ತು. ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ, ಕೀಟವನ್ನು ಕಾಯದೆ ಕಾರ್ಖಾನೆಯಲ್ಲೇ ಅಂಥದೊಂದನ್ನು ಮಾಡಲಾದೀತೇ ಎಂದು ಅಮೆರಿಕದಲ್ಲಿ ಲಿಯೊ ಬೇಕ್‌ಲೆಂಡ್ ಪ್ರಯೋಗಕ್ಕೆ ಕೂತ. 1907ರಲ್ಲಿ ಅವನಿಗೆ ದಕ್ಕಿದ್ದು ಬೇಕ್‌ಲೈಟ್. ಹಳೇ ಮನೆಗಳ ಕಪ್ಪು ಸ್ವಿಚ್ಚು, ಕಪ್ಪು ಹೋಲ್ಡರುಗಳೆಲ್ಲ ಅದರವೇ.

ಅರಗಿನ ಕಸುಬು ನೋಡಬೇಕೆಂದರೆ ಚನ್ನಪಟ್ಟಣದ ಕಲಾನಗರಕ್ಕೇ ಹೋಗಬೇಕು. ಕೆಲಸ ಶುರುವಾಗುವುದು ಹಾಲೆ ಮರದಿಂದ. ಊರಿನ ಬಾಯಲ್ಲಿ ಅದು ಆಲೆಮರ. ರಾಮನಗರ, ಮಾಗಡಿ, ಕನಕಪುರದ ಕಡೆಯ ಒಣಕಾಡುಗಳಿಗೆ ಹೊಂದುವ ಮರ. ಕೊರೆದರೆ ದಂತದಂಥ ಬಿಳಿ ಬಣ್ಣ, ಎಳೆಗಳೇ ಕಾಣದಷ್ಟು ನಯ. ಕಡಿದ ತುಂಡು ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಲೇತಿಗೆ ಕೂರಿಸಿ ಉಳಿ ಹಿಡಿದರೆ ಸಿಪ್ಪೆ ಸುರುಳಿಸುರುಳಿಯಾಗಿ ಹಾರುತ್ತದೆ. ಬೇಕಾದ ಆಕಾರ ಬಂದ ಮೇಲೆ ಮರಳುಕಾಗದ, ಅದಾದ ಮೇಲೆ ಬಣ್ಣ. ಬಣ್ಣಕ್ಕೆ ಕುಂಚವಿಲ್ಲ. ಅರಗನ್ನು ಮೊದಲೇ ಕಾಯಿಸಿ, ಅರಿಶಿನದಂಥ ಬಣ್ಣ ಸೇರಿಸಿ, ಬೆಲ್ಲದ ಪಾಕದಂತೆ ಎಳೆದೆಳೆದು ಮಡಿಸಿ ಬತ್ತಿ ಮಾಡಿಟ್ಟಿರುತ್ತಾರೆ. ಗಿರ್ರನೆ ತಿರುಗುವ ಮರಕ್ಕೆ ಆ ಬತ್ತಿಯನ್ನು ಒತ್ತಿ ಹಿಡಿದರೆ ಸಾಕು, ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮೊದಲಿಗೆ ಗೀರುಗೀರಾಗಿ, ಒರಟಾಗಿ ಕಾಣುತ್ತದೆ. ಒಣಗಿದ ತಾಳೆಗರಿಯನ್ನು ಮಡಿಸಿ ಅದರ ಮೇಲೆ ಒತ್ತಿದ ಗಳಿಗೆಯಲ್ಲಿ ಗೀರುಗಳು ಮಾಯವಾಗಿ ಇಡೀ ಮೈ ಹೊಳೆಯುತ್ತದೆ. ಒಣಗಲೆಂದು ಕಾಯುವ ಮಾತಿಲ್ಲ. ಲೇತಿನಿಂದ ಇಳಿಸಿದ ಕೂಡಲೇ ಕೈಗೆತ್ತಿಕೊಳ್ಳಬಹುದು.

ಇಷ್ಟೆಲ್ಲ ಸಾಧ್ಯವಾಗುವುದು ಅರಗು ಬಿಸಿಗೆ ಬೇಗ ಸೋಲುವುದರಿಂದ. 65-70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಮೆತ್ತಗಾಗುತ್ತದೆ, ಇನ್ನೊಂದಿಷ್ಟು ಕಾದರೆ ಹರಿಯುತ್ತದೆ. ಉರಿಯುವ ಬಲ್ಬಿನ ಪಕ್ಕ ಅದನ್ನು ಇಡಲಾಗದೆ ಹೋದದ್ದೂ ಈ ಗುಣದಿಂದಲೇ.

ತಂತಿಯ ಬಲ್ಬಿನ ಚರಿತ್ರೆಯೆಂದರೆ ಬಿಸಿಯೊಂದಿಗಿನ ಸೆಣಸಾಟ. 1879ರಲ್ಲಿ ಎಡಿಸನ್ ಸುಟ್ಟ ನೂಲನ್ನು ಗಾಜಿನ ನಿರ್ವಾತದಲ್ಲಿ ಉರಿಸಿದ. ಮರುವರ್ಷ ಜಪಾನಿನ ಬಿದಿರಿನ ಎಳೆ ಸುಟ್ಟು ಹಾಕಿದಾಗ ಅದು ಸಾವಿರ ಗಂಟೆಗೂ ಮೀರಿ ಬಾಳಿತು. 1910ರ ಸುಮಾರಿಗೆ ವಿಲಿಯಂ ಕೂಲಿಜ್ ಸುಲಭವಾಗಿ ಮುರಿಯುವ ಟಂಗ್‌ಸ್ಟನ್ನನ್ನು ಬಗ್ಗುವ ತಂತಿಯಾಗಿ ಎಳೆಯುವ ಬಗೆ ಕಂಡುಕೊಂಡ. 1913ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಬುರುಡೆಗೆ ಅನಿಲ ತುಂಬಿ, ತಂತಿಯನ್ನು ಸುರುಳಿ ಸುತ್ತಿದ. ಟಂಗ್‌ಸ್ಟನ್ ಆವಿಯಾಗಿ ಗಾಜು ಕಪ್ಪಿಡುವುದು ಅದರಿಂದ ಕಡಿಮೆಯಾಯಿತು. 1925ರಲ್ಲಿ ಮಾರ್ವಿನ್ ಪಿಪ್ಕಿನ್ ಗಾಜಿನ ಒಳಮೈಯನ್ನು ಮಂಜಾಗಿಸಿ ಕಣ್ಣು ಕುಕ್ಕದ ಬೆಳಕು ಕೊಟ್ಟ. ಇಷ್ಟು ಮಂದಿ ಇಷ್ಟು ದುಡಿದರೂ ತಂತಿ ಬೆಳಗಬೇಕಾದರೆ 2,400 ಡಿಗ್ರಿ ದಾಟಿ ಕಾಯಲೇಬೇಕಿತ್ತು. ಬಲ್ಬಿಗೆ ಉಣಿಸಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತಿತ್ತು. 60 ವ್ಯಾಟಿನ ಬಲ್ಬಿನ ಗಾಜು 100 ಡಿಗ್ರಿ ದಾಟುತ್ತದೆ. ತಲೆಕೆಳಗಾಗಿ ತೂಗಿದ ಬಲ್ಬಿನಲ್ಲಿ ಬಿಸಿಯೆಲ್ಲ ಮೇಲೇರಿ ಕುತ್ತಿಗೆಗೆ ಬಡಿಯುತ್ತದೆ. ಅಲ್ಲಿನ ಗಾರೆ ವರ್ಷಗಟ್ಟಲೆ ಬೆಂದು ಸಡಿಲಾದದ್ದರಿಂದಲೇ ಬುರುಡೆ ಕೈಗೆ ಬರುತ್ತಿದ್ದುದು.

ಚನ್ನಪಟ್ಟಣದ ಸುತ್ತಿನ ಸೀಮೆಯ ಮೇಲೆ ವಿದ್ಯುತ್ತು ಹಾದದ್ದು ಬಹಳ ಮುಂಚೆಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಉದ್ದದ ತಂತಿ ಎಳೆದಾಗ ಅದು ಆಗಿನ ಕಾನಕಾನಹಳ್ಳಿ, ಈಗಿನ ಕನಕಪುರದ ಸೀಮೆಯನ್ನು ದಾಟಿ ಹೋಯಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತೇ ತಿರುಗಿ ನೋಡುವಂಥ ಕೆಲಸ. ತಂತಿ ಹೊರಟದ್ದು ಗಣಿಗೆ. ಅದರ ಕೆಳಗಿನ ಹಳ್ಳಿಗಳಲ್ಲಿ ಹರಳೆಣ್ಣೆ, ಸೀಮೆಎಣ್ಣೆಯ ದೀಪಗಳೇ ಮುಂದುವರಿದವು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಮೂರು ದಶಕದ ಮೇಲೆ, 1936ರಲ್ಲಿ, ಬಲ್ಬನ್ನೇ ಇಲ್ಲಿ ಮಾಡೋಣವೆಂದು ಮೈಸೂರು ಸಂಸ್ಥಾನ ಮಲ್ಲೇಶ್ವರದ ಬಳಿ ಮೈಸೂರು ಲ್ಯಾಂಪ್ ವರ್ಕ್ಸ್ ಕಟ್ಟಿತು. ಅದರ ಮರುವರ್ಷವೇ, 1937ರಲ್ಲಿ, ಮೈಸೂರಿನಲ್ಲಿ ಅರಗಿನ ಕಾರ್ಖಾನೆಯೂ ಎದ್ದಿತು. ಆಗಿನ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುವುದು ಇದೇ ಕಾರ್ಖಾನೆಯಿಂದ. ಲ್ಯಾಂಪ್ ವರ್ಕ್ಸ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಎರಡು ತಲೆಮಾರು ಆ ಬಲ್ಬಿನ ಬೆಳಕಲ್ಲಿ ಓದಿ ಬೆಳೆದಿದ್ದವು. ಅಂಥ ಕಾರ್ಖಾನೆಯನ್ನು ಉಳಿಸಿಕೊಳ್ಳಬೇಕಿತ್ತು.

ಬಲ್ಬಿನ ಕುತ್ತಿಗೆಯ ಅರಗಿನಂತೆಯೇ ಫೋಟೋದ ಫ್ಲ್ಯಾಶಿನಲ್ಲೂ ಒಂದು ಲೇಪದ ಕಥೆಯಿದೆ. 1887ರಲ್ಲಿ ಜರ್ಮನಿಯಲ್ಲಿ ಮೀಟೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿ ಬೆರೆಸಿದ ಫ್ಲ್ಯಾಶ್ ಮದ್ದು ತಯಾರಿಸಿದರು. ತಟ್ಟೆಯ ಮೇಲೆ ಸುರಿದು ಹೊತ್ತಿಸಿದರೆ ಕಣ್ಣು ಕೋರೈಸುವ ಬೆಳಕು, ಹಿಂದೆಯೇ ಕೋಣೆ ತುಂಬ ಬಿಳಿ ಹೊಗೆ. ಕೈ, ಹುಬ್ಬು ಸುಟ್ಟುಕೊಂಡ ಛಾಯಾಗ್ರಾಹಕರಿಗೆ ಲೆಕ್ಕವಿಲ್ಲ. 1929ರ ಹೊತ್ತಿಗೆ ಜರ್ಮನಿಯಲ್ಲೇ ಆ ಬೆಂಕಿಯನ್ನು ಗಾಜಿನೊಳಗೆ ಕೂಡಿಹಾಕಿದರು. ಬುರುಡೆಯ ತುಂಬ ಆಮ್ಲಜನಕ, ಅದರೊಳಗೆ ಮುದುರಿಟ್ಟ ತೆಳು ಅಲ್ಯುಮಿನಿಯಂ ಹಾಳೆ. ಬ್ಯಾಟರಿ ತಾಕಿಸಿದರೆ ಒಂದೇ ಮಿಂಚು, ಬಲ್ಬಿನ ಆಯುಷ್ಯ ಅಲ್ಲಿಗೆ ಮುಗಿಯಿತು.

ತೊಡಕು ಬಂದದ್ದು ಗಾಜಿನಿಂದ. ಆ ಬಿಸಿಗೆ ಗಾಜು ಸೀಳಿ ಚೂರುಗಳು ಎದುರಿದ್ದವರ ಮುಖಕ್ಕೆ ಹಾರುವ ಅಪಾಯವಿತ್ತು. ಬುರುಡೆಯನ್ನು ಸೆಲ್ಯುಲೋಸ್ ಅಸಿಟೇಟಿನ ಮೆರುಗಿನಲ್ಲಿ ಅದ್ದಿ ತೆಗೆಯುವುದೇ ಅದಕ್ಕೆ ಪರಿಹಾರವಾಯಿತು. ಗಾಜು ಒಳಗೊಳಗೇ ಬಿರಿದರೂ ಆ ತೆಳುಪದರ ಚೂರುಗಳನ್ನು ಹಿಡಿದಿಡುತ್ತಿತ್ತು. ಇದು ಕೀಟದ ಅರಗಲ್ಲ, ಕಾರ್ಖಾನೆಯ ಸರಕು. ಆದರೂ ತೆಳು ಪದರವೊಂದು ವಸ್ತುವಿನ ಮೈಗೆ ಹತ್ತಿ ಅದನ್ನು ಕಾಯುವುದು, ಜೊತೆಗೆ ಬಣ್ಣವನ್ನೂ ಹೊರುವುದು ಎರಡರಲ್ಲೂ ಒಂದೇ. ಕಲರ್ ಫಿಲ್ಮ್ ಬಂದ ಮೇಲೆ ಇದೇ ಮೆರುಗಿಗೆ ನೀಲಿ ಬೆರೆಸಿದರು. ಫ್ಲ್ಯಾಶಿನ ಹಳದಿ ಬೆಳಕು ಅದರಿಂದ ಹಾದು ಹಗಲಿನ ಬಣ್ಣಕ್ಕೆ ತಿರುಗುತ್ತಿತ್ತು. ಕೆಲವು ಬಲ್ಬುಗಳ ಒಳಗೆ ಸಾಸಿವೆಯಷ್ಟು ನೀಲಿ ಚುಕ್ಕೆ ಇರುತ್ತಿತ್ತು. ಗಾಜು ಸೂಕ್ಷ್ಮವಾಗಿ ಬಿರುಕುಬಿಟ್ಟು ತೇವದ ಗಾಳಿ ಒಳಹೊಕ್ಕರೆ ಆ ಚುಕ್ಕೆ ಗುಲಾಬಿಗೆ ತಿರುಗುತ್ತಿತ್ತು. ಅಂಥದನ್ನು ಹೊತ್ತಿಸಬಾರದು, ಸಿಡಿಯುತ್ತದೆ. ಒಂದು ಚುಕ್ಕೆಯಲ್ಲಿ ಇಷ್ಟು ಎಚ್ಚರಿಕೆ ಇಟ್ಟವರ ಜಾಣ್ಮೆ ದೊಡ್ಡದು.

ನಮ್ಮ ಸಣ್ಣ ಊರುಗಳ ಸ್ಟುಡಿಯೋದವರಿಗೆ ಒಂದು ಫೋಟೋ ಎಂದರೆ ಒಂದು ಬಲ್ಬಿನ ಖರ್ಚು. ಮುಹೂರ್ತದ ಗಳಿಗೆಯಲ್ಲಿ ಬಲ್ಬ್ ಹೊತ್ತದೆ ಹೋದರೆ ತಾಳಿ ಕಟ್ಟುವ ಚಿತ್ರ ಹೋದಂತೆಯೇ. ಈ ಸಂಕಟ ಕಳೆದದ್ದು ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಗ್ಗವಾದ ಮೇಲೆ. 1931ರ ಸುಮಾರಿಗೆ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಅದಕ್ಕೆ ಬುನಾದಿ ಹಾಕಿದ್ದ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅನಿಲ ತುಂಬಿದ ನಳಿಗೆಯಲ್ಲಿ ಒಮ್ಮೆಲೇ ಹರಿಸಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕ ಮಿಂಚು. ಅದೇ ನಳಿಗೆ ಸಾವಿರಾರು ಸಲ ಮಿಂಚಬಲ್ಲದು.

ಫ್ಲ್ಯಾಶಿನ ನೆರವಿಲ್ಲದೆ ಬೆಳಕಿಗಾಗಿ ಕಾಯುವ ತಾಳ್ಮೆಯ ಮಾತು ಬಂದಾಗ ರಾಮನಗರವನ್ನು ಬಿಡುವಂತಿಲ್ಲ. 1975ರಲ್ಲಿ ತೆರೆಕಂಡ ಶೋಲೆ ಚಿತ್ರೀಕರಣವಾದದ್ದು ಇಲ್ಲಿನ ರಾಮದೇವರ ಬೆಟ್ಟದ ಬಂಡೆಗಳ ನಡುವೆ. ಅದರಲ್ಲಿ ಜಯಾ ಭಾದುರಿ ಮುಸ್ಸಂಜೆಯಲ್ಲಿ ದೀಪಗಳನ್ನು ನೋಡಿಕೊಳ್ಳುವ ದೃಶ್ಯವಿದೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅದನ್ನು ಸೂರ್ಯ ಮುಳುಗಿ ಕತ್ತಲು ಕವಿಯುವ ನಡುವಿನ ಕೆಲವೇ ನಿಮಿಷಗಳಲ್ಲಿ ಹಿಡಿದದ್ದು. ಒಂದು ಸಂಜೆಗೆ ಒಂದೋ ಎರಡೋ ಅವಕಾಶ, ತಪ್ಪಿದರೆ ಮರುದಿನಕ್ಕೆ ಕಾಯಬೇಕು. ಹಾಗಾಗಿ ಆ ಪುಟ್ಟ ದೃಶ್ಯಕ್ಕೆ ಹಲವು ದಿನ ಹಿಡಿಯಿತು. ಆಗಸದ ನೀಲಿಗೂ ದೀಪದ ಹೊಂಬಣ್ಣಕ್ಕೂ ಹೊಂದಿಕೆಯಾಗುವುದು ಆ ನಿಮಿಷಗಳಲ್ಲಿ ಮಾತ್ರ. ಯಾವ ಫ್ಲ್ಯಾಶಿಗೂ ಅದು ಆಗುತ್ತಿರಲಿಲ್ಲ.

ಮತ್ತೆ ಅರಗಿಗೆ ಬಂದರೆ, ಅದರ ಕಸುಬಿಗೆ ದೀಪದ ದಾರಿ ತೆರೆದದ್ದು ಎಲ್‌ಇಡಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ರೇಡಿಯೋದ ಸೂಚಕ ಚುಕ್ಕೆಯಂಥದಕ್ಕೆ ಸಾಕಾಗಿತ್ತು. ಬಿಳಿ ಬೆಳಕಿಗೆ ನೀಲಿ ಬೇಕು. ಅದಕ್ಕಾಗಿ ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ವರ್ಷಾನುಗಟ್ಟಲೆ ಗ್ಯಾಲಿಯಂ ನೈಟ್ರೈಡ್ ಹರಳಿನ ಬೆನ್ನು ಹತ್ತಿದರು. 1990ರ ದಶಕದಲ್ಲಿ ಪ್ರಖರ ನೀಲಿ ಸಿಕ್ಕಿತು. ಅದರ ಮೇಲೆ ಹಳದಿಯಾಗಿ ಬೆಳಗುವ ಪುಡಿಯ ಲೇಪ ಕೊಟ್ಟಾಗ ಬಿಳಿ ಬೆಳಕಾಯಿತು. ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬ್ ಹಳ್ಳಿಯ ಕಿರಾಣಿ ಅಂಗಡಿಗೂ ತಲುಪಿತು. 60 ವ್ಯಾಟಿನ ಕೆಲಸವನ್ನು 9 ವ್ಯಾಟಿನಲ್ಲಿ ಮುಗಿಸುವ ಬಲ್ಬಿನಿಂದ ಬಿಸಿಯ ಕಾಟ ಹಲವು ಪಟ್ಟು ಇಳಿಯಿತು. ಚನ್ನಪಟ್ಟಣಕ್ಕೂ ಜಪಾನಿಗೂ ಇದು ಮೊದಲ ನಂಟಲ್ಲ. ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬ ಕುಶಲಕರ್ಮಿ ಅಲ್ಲಿಗೆ ಹೋಗಿ ಬೊಂಬೆ ಮಾಡುವ ಹೊಸ ವಿಧಾನಗಳನ್ನು ಕಲಿತು ಬಂದು ಊರಿಗೆ ಹಂಚಿದರೆಂದು ಇಲ್ಲಿನವರು ಈಗಲೂ ಅಭಿಮಾನದಿಂದ ಹೇಳುತ್ತಾರೆ.

ಆದರೂ ಎಲ್‌ಇಡಿಗೆ ಬಿಸಿಯೇ ಇಲ್ಲವೆಂದು ತಿಳಿಯಬಾರದು. ಅದರ ಬಿಸಿ ಮುಂದಕ್ಕೆ ಹಾಯದೆ ಹಿಂದೆ, ಕುತ್ತಿಗೆಯ ಕಡೆ ಕೂರುತ್ತದೆ. ಅಲ್ಲೇ ಅದರ ಪುಟ್ಟ ಎಲೆಕ್ಟ್ರಾನಿಕ್ ಸರ್ಕಿಟ್ ಇರುವುದು. ಗಾಳಿಯಾಡದ ಮರದ ಡಬ್ಬಿಯೊಳಗೆ ಕೂರಿಸಿದರೆ ಬಲ್ಬ್ ಬಹಳ ದಿನ ಬಾಳುವುದಿಲ್ಲ, ಒಳಮೈಯ ಅರಗೂ ಮಂಕಾಗಬಹುದು. ಹಾಗಾಗಿ ಒಳ್ಳೆಯ ದೀಪದಲ್ಲಿ ಹೋಲ್ಡರಿನ ಸುತ್ತ ಬೆರಳು ತೂರುವಷ್ಟು ಜಾಗ, ಮೇಲ್ಗಡೆ ಗಾಳಿ ಹೋಗಲು ಕಂಡಿ ಇರಬೇಕು. ಬಲ್ಬಿನ ಬಣ್ಣವೂ ಮುಖ್ಯ. ನೀಲಿಛಾಯೆಯ ಕೂಲ್ ವೈಟ್ ಬೆಳಕಿನಲ್ಲಿ ಅರಿಶಿನದ ಹಳದಿ, ಅರಗಿನ ಕೆಂಪು ಎರಡೂ ಕಳೆಗುಂದುತ್ತವೆ. ಪೊಟ್ಟಣದ ಮೇಲೆ 2700ಕೆ ಅಥವಾ ವಾರ್ಮ್ ವೈಟ್ ಎಂದಿರುವುದನ್ನು ಹಾಕಿದರೆ ಆ ಬಣ್ಣಗಳು ಮೈತುಂಬಿ ಕಾಣುತ್ತವೆ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ, ಕಿಟಕಿಯ ಪಕ್ಕ ಇಟ್ಟರೆ ಬೇಗ ಮಾಸುತ್ತದೆ. ಒರೆಸಲು ಒಣಬಟ್ಟೆ ಸಾಕು. ಸ್ಪಿರಿಟ್, ಸ್ಯಾನಿಟೈಸರ್ ಸೋಕಿಸಿದರೆ ಅರಗು ಕರಗಿ ಬಟ್ಟೆಗೇ ಬಣ್ಣ ಹತ್ತುತ್ತದೆ.

ಈ ದೀಪಗಳನ್ನು ಆನ್‌ಲೈನ್‌ನಲ್ಲಿ ಮಾರಲು ಫೋಟೋ ತೆಗೆಯುವುದೂ ಸುಲಭವಲ್ಲ. ತಾಳೆಗರಿ ಕೊಟ್ಟ ಹೊಳಪು ಕನ್ನಡಿಯಷ್ಟು ನಯ. ನೇರ ಫ್ಲ್ಯಾಶ್ ಹೊಡೆದರೆ ನಡುವೆ ಒಂದು ಬಿಳಿ ಕಲೆ ಎದ್ದು ಬಣ್ಣವನ್ನೇ ನುಂಗುತ್ತದೆ. ಬೆಳಕನ್ನು ಬಿಳಿ ಬಟ್ಟೆ ಅಥವಾ ಬಟರ್ ಪೇಪರಿನ ಮೂಲಕ ಹಾಯಿಸಿ ಹರಡಬೇಕು. ಪಿಪ್ಕಿನ್ ಬಲ್ಬಿನ ಒಳಮೈಗೆ ಮಾಡಿದ್ದು ಇದನ್ನೇ. ಹಾಗೆ ತೆಗೆದ ಚಿತ್ರದಲ್ಲಿ ಕೆಂಪು ಕೆಂಪಾಗಿಯೇ ಇರುತ್ತದೆ, ಗುಂಡಗಿನ ಮೈಯ ತಿರುವೂ ಕಾಣುತ್ತದೆ. ಮೊಬೈಲಿನ ಫ್ಲ್ಯಾಶ್ ಆರಿಸಿ ಬಾಗಿಲ ಬಳಿಯ ನೆರಳುಬೆಳಕಿನಲ್ಲಿ ತೆಗೆದ ಚಿತ್ರವೂ ಚೆನ್ನಾಗಿಯೇ ಬರುತ್ತದೆ.

ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಎರಡು ದಶಕವಾಗುತ್ತ ಬಂತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ತೆರೆದ ಮೇಲೆ ವಾಹನಗಳು ಊರನ್ನು ಬಳಸಿ ಹೋಗುತ್ತಿವೆ. ಹಳೇ ರಸ್ತೆಯ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ. ದೀಪ ಕೊಳ್ಳುವ ಮನಸ್ಸಿದ್ದರೆ ಬೈಪಾಸ್ ಬಿಟ್ಟು ಊರೊಳಗೆ ಇಳಿಯಬೇಕು. ಅಂಗಡಿಯಲ್ಲಿ ಬಲ್ಬ್ ಹಾಕಿಸಿ ಅರ್ಧ ಗಂಟೆ ಉರಿಸಿ, ಕುತ್ತಿಗೆಯ ಹತ್ತಿರದ ಮರದ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಕೊಳ್ಳಬಹುದು, ಕೈ ಸುಡುವಂತಿದ್ದರೆ ಕಂಡಿ ಸಾಲದೆಂದು ಮಾಡಿದವರಿಗೇ ಹೇಳಿ. ಲೇತ್ ಅಲ್ಲೇ ಹಿಂದಿನ ಬೀದಿಯಲ್ಲಿರುವುದರಿಂದ ಇನ್ನೆರಡು ಕಂಡಿ ಕೊರೆಸಿಕೊಂಡು ಬರಲೂ ಸಾಧ್ಯ.