ಬಿಸಿನೀರಿನ ಕೊಳವೆ ಸದ್ದುಮಾಡುವುದೇಕೆ?

ಪ್ರಶ್ನೆ: ನಮ್ಮದು ಕೊಳವೆಬಾವಿಯ ನೀರು. ಗೀಸರ್ ಹಾಕಿದರೆ ಒಳಗೆ ಗುಡುಗುಡು ಶಬ್ದ; ಬಿಸಿನೀರು ಬಿಟ್ಟರೆ ಗೋಡೆಯಲ್ಲಿ ಟಕಟಕ ಸದ್ದು. ಕಾರಣವೇನು?

ಉತ್ತರ: ಈ ಎರಡು ಶಬ್ದಗಳಿಗೂ ಮೂಲವು ಉಷ್ಣವೇ ಆದರೂ ಅವು ಹುಟ್ಟುವ ಬಗೆ ಬೇರೆ ಬೇರೆ. ಗಡಸು ನೀರಿನಲ್ಲಿ ಕರಗಿರತಕ್ಕ ಕ್ಯಾಲ್ಸಿಯಂ ಬೈಕಾರ್ಬೊನೇಟು, ನೀರು ಕಾದಂತೆಲ್ಲ ವಿಘಟನೆಹೊಂದಿ, ಸುಣ್ಣದಂತಹ ಬಿಳಿಯ ಪದರವಾಗಿ ಕಾಯಿಲಿನ ಮೇಲೂ ತೊಟ್ಟಿಯ ತಳದಲ್ಲಿಯೂ ಗಟ್ಟಿಯಾಗಿ ಕೂರುತ್ತದೆ. ಆ ಪದರದ ಸಂದುಗಳಲ್ಲಿ ಸಿಕ್ಕಿದ ನೀರು ಅತಿಯಾಗಿ ಕಾದು ಆವಿಯ ಗುಳ್ಳೆಗಳಾಗಿ ಒಡೆಯುವುದೇ ನೀವು ಕೇಳುವ ಗುಡುಗು. ಗೋಡೆಯ ಸದ್ದಾದರೋ ಕೊಳವೆಯ ವಿಕಾಸದ ಫಲ: ಉಷ್ಣತೆಯು 50 ಡಿಗ್ರಿ ಸೆಲ್ಸಿಯಸಿನಷ್ಟು ಏರಿದಾಗ ಒಂದು ಮೀಟರು ಉದ್ದದ ತಾಮ್ರದ ಕೊಳವೆ ಸುಮಾರು 0.8 ಮಿಲಿಮೀಟರಿನಷ್ಟೂ, ಸಿಪಿವಿಸಿ ಕೊಳವೆ ಸುಮಾರು 3 ಮಿಲಿಮೀಟರಿನಷ್ಟೂ ಹಿಗ್ಗುವುದರಿಂದ, ಬಿಗಿಯಾದ ಕ್ಲಾಂಪುಗಳಿಗೆ ಉಜ್ಜಿ ಸದ್ದುಮಾಡುತ್ತದೆ.

ಆದುದರಿಂದ ಕ್ಲಾಂಪುಗಳನ್ನು ತುಸು ಸಡಿಲಿಸಿ ನಡುವೆ ರಬ್ಬರಿನ ಪಟ್ಟಿಯನ್ನಿಡಿಸುವುದು, ವರ್ಷಕ್ಕೊಮ್ಮೆ ಬಲ್ಲವರಿಂದ ತೊಟ್ಟಿಯನ್ನು ತೊಳೆಯಿಸಿ ಕಾಯಿಲಿನ ಪದರವನ್ನು ತೆಗೆಸುವುದು, ತುಕ್ಕನ್ನು ತಾನು ಹೊತ್ತು ತೊಟ್ಟಿಯನ್ನು ಕಾಯುವ ಮೆಗ್ನೀಸಿಯಂ ದಂಡ ಸವೆದಿದ್ದರೆ ಬದಲಾಯಿಸುವುದು, ಇವಿಷ್ಟೇ ಪರಿಹಾರ. ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸಿನಲ್ಲಿರಿಸಿದರೆ ಪದರ ಕಟ್ಟುವುದೂ ನಿಧಾನವಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಕೆಲಸಕ್ಕೆ ಮೊದಲು ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿಯಬೇಕು. ತೊಟ್ಟಿಕ್ಕುತ್ತಿದೆಯೆಂದು ಒತ್ತಡದ ವಾಲ್ವನ್ನು ಮಾತ್ರ ಎಂದಿಗೂ ಮುಚ್ಚಬೇಡಿರಿ. ಮನೆಮಂದಿಯ ಪ್ರಾಣರಕ್ಷಣೆ ಅದರಲ್ಲಿದೆ.