ಗಾಳಿಗೂ ನೀರಿಗೂ ದಾರಿ ಬಿಡಿ: ಯುಗಾದಿಗೆ ಮನೆ ಹಸನು

ಹೋಳಿ ಹುಣ್ಣಿಮೆಯ ಬಣ್ಣ ಇನ್ನೂ ಮೈಮೇಲಿಂದ ಪೂರ್ತಿ ಹೋಗಿರುವುದಿಲ್ಲ, ಅಷ್ಟರಲ್ಲಿ ಯುಗಾದಿ ಅಮಾವಾಸ್ಯೆಗೆ ಹದಿನೈದೇ ದಿನ ಎಂದು ಮನೆಯ ಹಿರಿಯರು ಬೆರಳು ಮಡಚಿ ಎಣಿಸತೊಡಗುತ್ತಾರೆ. ಅಲ್ಲಿಂದ ನಮ್ಮ ಹೆಣ್ಣುಮಕ್ಕಳ ಕೈಗೆ ಪುರುಸೊತ್ತು ಎಲ್ಲಿಯದು? ಜೇಡರ ಬಲೆ ತೆಗೆಯಬೇಕು, ಡಬ್ಬಿ ತೊಳೆಯಬೇಕು, ಕೌದಿ ಒಗೆಯಬೇಕು, ಗೋಡೆಗೆ ಸುಣ್ಣ ಹಚ್ಚಬೇಕು, ನೆಲ ಸಾರಿಸಬೇಕು. ಇದನ್ನು ನಮಗೆ ಯಾರೂ ಪುಸ್ತಕ ಹಿಡಿದು ಕಲಿಸಲಿಲ್ಲ. ತಾಯಿ ಮಾಡಿದ್ದನ್ನು ನೋಡಿ ಕಲಿತೆವು.

ಈಗ ಕೆಲವು ವರ್ಷಗಳಿಂದ ಇದರ ಜೊತೆಗೆ ಒಂದು ಹೊಸ ಹೆಸರು ಸೇರಿಕೊಂಡಿದೆ. ಅದೇ ಫೆಂಗ್ ಶುಯಿ! ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಕಪ್ಪೆ, ಗಾಳಿಗೆ ಕಿಣಿಕಿಣಿ ಎನ್ನುವ ಗಂಟೆ, ಇವೆಲ್ಲ ಪ್ಯಾಟಿಯಿಂದ ನಮ್ಮ ತಂಬೂರಿನಂಥ ಊರಿಗೂ ಬಂದಿವೆ. ಇದರಲ್ಲಿ ನಮಗೆ ಬೇಕಾದದ್ದೆಷ್ಟು, ಬೇಡವಾದದ್ದೆಷ್ಟು? ಕೈ ಸುಟ್ಟುಕೊಳ್ಳಲು ಹೋಗಿ ಸ್ವಲ್ಪದರಲ್ಲಿ ಉಳಿದವಳು ನಾನು. ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

ಬಾಗಿಲು ಒಡೆಸಲು ಹೊರಟಿದ್ದೆವು

2023ರ ಬರ ನಿಮಗೆ ನೆನಪಿರಬೇಕು. ನಮಗೆ ಆ ವರ್ಷ ಭತ್ತವೂ ಕೈಗೆ ಹತ್ತಲಿಲ್ಲ, ಗೋವಿನಜೋಳವೂ ಹತ್ತಲಿಲ್ಲ. ಅದರ ಮೇಲೆ ನಮ್ಮ ಮನೆಯವರಿಗೆ ರಾತ್ರಿಯಿಡೀ ಕೆಮ್ಮು. ಬೀಗರ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ಒಬ್ಬರು ನಮ್ಮ ಮನೆಯನ್ನೂ ನೋಡಿ, "ದಕ್ಷಿಣಕ್ಕ ಬಾಗಲಾ ಐತಿ, ಅದಕ್ಕ ಹಿಂಗಾಗೇತಿ. ಇದನ್ನ ಮುಚ್ಚಿ ಪೂರ್ವಕ್ಕ ಬಾಗಲಾ ಇಡ್ರಿ, ಎದುರಿಗೊಂದು ಗಂಟಿ ಕಟ್ರಿ" ಎಂದರು. ಗೌಂಡಿಯನ್ನು ಕೇಳಿದರೆ ಎಪ್ಪತ್ತು ಸಾವಿರ ಎಂದ. ಮನೆಯವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೇ ಟ್ರಂಕಿನಿಂದ ಬೋರಮಾಳ ಸರ ತೆಗೆದು ಮುಂದಿಟ್ಟೆ. ಗಂಡನ ಕೆಮ್ಮು ಕೇಳುತ್ತ ರಾತ್ರಿ ಕಳೆಯುವವಳಿಗೆ ಬಂಗಾರ ಯಾವ ಲೆಕ್ಕ?

ನಮ್ಮ ಅತ್ತೆಯವರು ಸರವನ್ನು ನೋಡಿದರು, ನನ್ನನ್ನು ನೋಡಿದರು. "ಇದ ಬಾಗಲದಾಗ ನಾ ಒಳಗ ಬಂದು ನಾಕು ಮಕ್ಕಳ್ನ ಹಡದು ದೊಡ್ಡವರನ್ನ ಮಾಡೇನಿ. ಯುಗಾದಿ ಬಂತು, ಮೊದಲ ಮನಿ ಝಾಡಿಸವಾ. ಆಮ್ಯಾಲೆ ಬಾಗಲಾ ಒಡಸೀರಂತ" ಎಂದರು.

ಝಾಡಿಸಿದೆವು. ಒಳಗಿನ ಖೋಲಿಯ ಕಿಟಕಿಗೆ ಅಡ್ಡವಾಗಿ ನಾಲ್ಕು ವರ್ಷದಿಂದ ಹಳೆಯ ಚೀಲಗಳನ್ನು ಒಟ್ಟಿದ್ದೆವು. ಅವನ್ನು ಸರಿಸಿದಾಗ ನನ್ನ ಎದೆ ಧಸಕ್ಕೆಂದಿತು! ಗೋಡೆಯ ತುಂಬ ಕರಿ ಬೂಷ್ಟು. ಮೇಲೆ ನೋಡಿದರೆ ಹಂಚು ಒಡೆದು, ಮಳೆಗಾಲದ ನೀರು ಅದೇ ಗೋಡೆಗೆ ಇಳಿದಿತ್ತು. ಆ ಗೋಡೆಗೆ ಹತ್ತಿಯೇ ನಮ್ಮವರ ಹಾಸಿಗೆ. "ಧೂಳು, ಹಸಿ ಗೋಡಿಯಿಂದ ದೂರ ಇರ್ರಿ" ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾವು ಗುಳಿಗೆ ತಂದೆವು, ಮಾತನ್ನು ಅಲ್ಲಿಯೇ ಬಿಟ್ಟು ಬಂದಿದ್ದೆವು.

ಹನ್ನೊಂದು ಹಂಚು ಮತ್ತು ಒಬ್ಬ ಆಳಿನ ಒಂದು ದಿನದ ಕೂಲಿ, ಅಷ್ಟೇ ಖರ್ಚು. ಗೋಡೆ ಕೆರೆದು, ಒಣಗಿಸಿ, ಸುಣ್ಣ ಹಚ್ಚಿದೆವು. ಕಿಟಕಿ ತೆರೆದೆವು. ಕೆಮ್ಮು ಪೂರ್ತಿ ಹೋಯಿತೆಂದು ಸುಳ್ಳು ಹೇಳಲಾರೆ. ಔಷಧ ಈಗಲೂ ಇದೆ. ಆದರೆ ರಾತ್ರಿ ನಿದ್ದೆ ಮಾಡುತ್ತಾರೆ. ಬೋರಮಾಳ ಟ್ರಂಕಿಗೆ ಮರಳಿತು.

ಆ ಶಾಸ್ತ್ರ ಹೇಳುವುದಾದರೂ ಏನು?

ಆಮೇಲೆ ಕುತೂಹಲದಿಂದ ಓದಿ ತಿಳಿದುಕೊಂಡೆ. ಚೀನೀ ಭಾಷೆಯಲ್ಲಿ 'ಫೆಂಗ್' ಎಂದರೆ ಗಾಳಿ, 'ಶುಯಿ' ಎಂದರೆ ನೀರು. ಕ್ರಿ.ಶ. 324ರಲ್ಲಿ ತೀರಿಕೊಂಡ ಗುವೋ ಪು ಎಂಬ ಪಂಡಿತನ ಹೆಸರಿನಲ್ಲಿ ಇದರ ಒಂದು ಹಳೆಯ ಗ್ರಂಥವಿದೆ. ಅದು ಮನೆಯ ಬಗ್ಗೆ ಅಲ್ಲ, ಹಿರಿಯರ ಸಮಾಧಿಗೆ ಎಂಥ ಜಾಗ ಆರಿಸಬೇಕೆಂಬುದರ ಬಗ್ಗೆ! 'ಚೀ' ಎಂಬ ಜೀವಶಕ್ತಿ ಗಾಳಿಗೆ ಚದುರುತ್ತದೆ, ನೀರಿನ ಬಳಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ.

ಇನ್ನೊಂದು ಸಂಗತಿ ಓದಿ ನನಗೆ ನಗು ಬಂತು. ಚೀನಾದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆಯೇ ಶ್ರೇಷ್ಠ! ಅಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರದಿಂದ ಬೀಸುತ್ತದೆ. ಅದಕ್ಕೆ ಬೆನ್ನು ಕೊಟ್ಟು, ದಕ್ಷಿಣದ ಬಿಸಿಲಿಗೆ ಬಾಗಿಲು ಇಡುತ್ತಾರೆ. ಅದೇ ದಕ್ಷಿಣದ ಬಾಗಿಲನ್ನು ಕಂಡರೆ ನಾವು ಇಲ್ಲಿ ಹೆದರಿ ಸಾಯುತ್ತೇವೆ. ನಮ್ಮ ಕಲಘಟಗಿ ಸೀಮೆ ಮಲೆನಾಡಿನ ಸೆರಗು. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಮಳೆಗಾಳಿ ನೈಋತ್ಯ, ಪಶ್ಚಿಮದಿಂದ ಬಡಿಯುತ್ತದೆ. ನಾವು ಕಾಯಬೇಕಾದದ್ದು ಆ ಕಡೆಯ ಗೋಡೆಯನ್ನು. ದಿಕ್ಕು ಎಂಬುದು ಆಯಾ ಊರಿನ ಗಾಳಿ, ಮಳೆ, ಬಿಸಿಲಿನ ಲೆಕ್ಕವೇ ಹೊರತು ನಮ್ಮ ಹಣೆಬರಹವಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮನೆಗೆ ತೊಂದರೆ ಬಂದಾಗ ದಿಕ್ಕನ್ನೋ, ಇಲ್ಲವೆ ಹೊಸದಾಗಿ ಬಂದ ಸೊಸೆಯ ಕಾಲ್ಗುಣವನ್ನೋ ಬೈಯುವುದು ಬಹಳ ಸುಲಭ.

ಆದರೆ ಆ ಶಾಸ್ತ್ರದಲ್ಲಿ ಒಳ್ಳೆಯದೂ ಇದೆ. ಬಾಗಿಲಿಗೆ ಏನೂ ಅಡ್ಡ ಇರಬಾರದು, ಒಡಕು ಸಾಮಾನು ಇಡಬಾರದು, ಮಂಚದ ಕೆಳಗೆ ಗಂಟು ಮೂಟೆ ತುರುಕಬಾರದು, ನಳ ಸೋರಬಾರದು ಎನ್ನುತ್ತದೆ. ಚೀನೀಯರೂ ತಮ್ಮ ಹೊಸ ವರ್ಷಕ್ಕೆ ಮೊದಲು ಇಡೀ ಮನೆ ಗುಡಿಸಿ ತೊಳೆಯುತ್ತಾರೆ. ಹಬ್ಬದ ದಿನ ಮಾತ್ರ ಭಾಗ್ಯ ಹೊರಗೆ ಹೋದೀತೆಂದು ಕಸಬರಿಗೆ ಮುಟ್ಟುವುದಿಲ್ಲ. ನಾವು ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕುವುದಿಲ್ಲವಲ್ಲ, ಹಾಗೆಯೇ!

ಹದಿನೈದು ದಿನಕ್ಕೆ ಕೆಲಸ ಹಂಚಿಕೊಳ್ಳಿ

ಒಂದೇ ದಿನ ಮಾಡಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಹೀಗೆ ಮಾಡಿ ನೋಡಿ.

ಮೊದಲು ಮೇಲಿನದು: ಹಂಚು, ಅಟ್ಟ, ತೊಲೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಜೇಡರ ಬಲೆ ಹೊಡೆಯಿರಿ. ಮಧ್ಯಾಹ್ನ ಖೋಲಿಯೊಳಗೆ ನಿಂತು ಮೇಲೆ ನೋಡಿ. ಎಲ್ಲಿ ಬಿಸಿಲಿನ ಚುಕ್ಕಿ ಕಾಣುತ್ತದೋ ಅಲ್ಲಿ ಮಳೆಯೂ ಬರುತ್ತದೆ. ಹಂಚು ಕೈಯಾಡಿಸಲು ಇದೇ ಸರಿಯಾದ ಕಾಲ.

ಗೋಡೆ: ಸುಣ್ಣದ ಹರಳನ್ನು ಹಿಂದಿನ ದಿನವೇ ಕಬ್ಬಿಣದ ಬುಟ್ಟಿಯಲ್ಲಿ ನೀರಿಗೆ ಹಾಕಿ. ಅದು ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರವಿಡಿ. ಮರುದಿನ ಸೋಸಿ, ಒಂದು ಹಿಡಿ ಉಪ್ಪು, ಚೂರು ನೀಲಿ ಬೆರೆಸಿ ಹಚ್ಚಿ. ಕಣ್ಣಿಗೆ ಸಿಡಿಯದಂತೆ ಜೋಕೆ. ಹಸಿ ಗೋಡೆಗೆ ಮೊದಲು ನೀರು ಎಲ್ಲಿಂದ ಬರುತ್ತದೆಂದು ಹುಡುಕಿ, ಸುಣ್ಣ ಆಮೇಲೆ.

ಅಡಿಗೆ ಮನೆ: ಕಾಳು ಕಡಿಯನ್ನು ಎರಡು ಬಿಸಿಲು ಕಾಯಿಸಿ, ಒಣಗಿದ ಬೇವಿನ ಎಲೆ ಹಾಕಿ ಡಬ್ಬಿಗೆ ತುಂಬಿ. ಹಿತ್ತಾಳೆಗೆ ಹುಣಸೆಹಣ್ಣಿಗಿಂತ ಒಳ್ಳೆಯದಿಲ್ಲ. ಗ್ಯಾಸಿನ ಪೈಪಿನ ಮೇಲೆ ವರ್ಷ ಮುದ್ರಿಸಿರುತ್ತದೆ, ಓದಿ ನೋಡಿ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಗೂಡಿನಲ್ಲಿಟ್ಟ ತಾರೀಖು ಮುಗಿದ ಔಷಧಿಗಳನ್ನು ತೆಗೆದುಹಾಕಿ.

ಹಾಸಿಗೆ: ಕೌದಿಗಳನ್ನು ಬಿಸಿನೀರಿಗೆ ಒಂದು ಹಿಡಿ ಸೋಡಾ ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಒಗೆದು ಕಟುಬಿಸಿಲಿಗೆ ಹರವಿ. ಮಂಚದ ಕೆಳಗೆ ಕಸಬರಿಗೆ ಸರಾಗವಾಗಿ ಆಡುವಂತಿರಲಿ.

ಬಚ್ಚಲು: ಗಟಾರ ತೆರವು ಮಾಡಿ. ಸೋರುವ ನಳದ ಕೆಳಗೆ ರಾತ್ರಿ ಬಕೀಟು ಇಟ್ಟು ನೋಡಿ, ಬೆಳಗಾಗುವಷ್ಟರಲ್ಲಿ ಎಷ್ಟು ಹೋಗುತ್ತದೆಂದು ತಿಳಿಯುತ್ತದೆ. ಹಿತ್ತಲಲ್ಲಿ ಬಿದ್ದ ಟೈರು, ಒಡೆದ ಕೊಡಗಳಲ್ಲಿ ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಎಂಟು ಹತ್ತು ದಿನದಲ್ಲೇ ಮೊಟ್ಟೆಯಿಂದ ಹಾರುವಷ್ಟಾಗುತ್ತದೆ. ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರನ್ನೂ ಸಂಡಾಸು ತೊಳೆಯುವ ಆಸಿಡನ್ನೂ ಎಂದೂ ಕೂಡಿಸಬೇಡಿ. ಅದರಿಂದ ಏಳುವ ವಿಷದ ಗಾಳಿ ಉಸಿರು ಕಟ್ಟಿಸುತ್ತದೆ.

ಕೊನೆಗೆ ಬಾಗಿಲು: ಚಪ್ಪಲಿ, ಸೈಕಲ್ಲು, ಸನಿಕೆಗಳನ್ನು ಬದಿಗೆ ಸರಿಸಿ. ತಿರುಗಣಿಗೆ ಎಣ್ಣೆ ಬಿಡಿ. ಹೊಸ್ತಿಲು ತೊಳೆದು ರಂಗೋಲಿ ಹಾಕಿ.

ಯಾವುದು ಬಿಡಬೇಕು, ಯಾವುದು ಇಡಬೇಕು?

ವರ್ಷವಿಡೀ ಮುಟ್ಟದ ಸಾಮಾನನ್ನು ಹೊರಗೆ ಹಾಕಿ ಎನ್ನುತ್ತಾರೆ. ಒಪ್ಪಿದೆ. ಆದರೆ ಆ ಲೆಕ್ಕಕ್ಕೆ ನಮ್ಮ ಅಟ್ಟದ ಮೇಲಿನ ಕಲಘಟಗಿ ತೊಟ್ಟಿಲೂ ಹೊರಗೆ ಹೋಗಬೇಕಿತ್ತು! ನಮ್ಮ ಮನೆಯಲ್ಲಿ ಕೂಸು ಆಡಿ ಎಷ್ಟೋ ವರ್ಷವಾಯಿತು. ಹಾಗಂತ ಅದು ಸುಮ್ಮನೆ ಕುಳಿತಿಲ್ಲ, ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ಅವರ ಮನೆಗೆ ಹೋಗಿ ಬರುತ್ತದೆ. ಅರಗಿನ ಬಣ್ಣ ಇನ್ನೂ ಹೊಳೆಯುತ್ತದೆ. ಅದನ್ನು ಮೆತ್ತಗೆ ಒರೆಸಿ, ಹಳೆಯ ಸೀರೆ ಹೊದಿಸಿ ಇಟ್ಟೆ. ನನ್ನ ಅಳತೆ ಇದು: ನನಗಾಗಲಿ ನೆರೆಯವರಿಗಾಗಲಿ ಉಪಯೋಗಕ್ಕೆ ಬರುವುದು ಇರಲಿ, ಬರೀ ಇಲಿಗೆ ಉಪಯೋಗವಾಗುವುದು ಹೋಗಲಿ. ಹಳೆಯ ಸೀರೆಗಳು ಕೌದಿಗೆ, ಹರಿದ ಧೋತರ ಒರೆಸುವ ಬಟ್ಟೆಗೆ.

ಇನ್ನೊಂದು ಮಾತು. ಹಬ್ಬ ಎಲ್ಲರದು, ಕಸ ಮಾತ್ರ ಹೆಂಗಸಿನದು ಎಂಬುದು ಸರಿಯಲ್ಲ. ಆ ವರ್ಷದಿಂದ ನಮ್ಮ ಮಗ ಅಟ್ಟ ಹತ್ತುತ್ತಾನೆ, ಮನೆಯವರು ಡಬ್ಬಿ ಒರೆಸಿ ಕೊಡುತ್ತಾರೆ. ಮೊದಮೊದಲು ಗೊಣಗಿದರು. "ಕೆಮ್ಮು ಯಾರದಿತ್ತು?" ಎಂದು ಕೇಳಿದೆ, ಸುಮ್ಮನಾದರು.

ಯುಗಾದಿಯ ಬೆಳಿಗ್ಗೆ ಅದೇ ದಕ್ಷಿಣದ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತೇವೆ. ಎಣ್ಣೆ ಸ್ನಾನ ಮುಗಿಸಿ, ಬಸವಣ್ಣನ ಗುಡಿಗೆ ಹೋಗಿ ಬಂದು, ಪಡಸಾಲೆಯಲ್ಲಿ ಎಲ್ಲರೂ ಕುಳಿತು ಬೇವು ಬೆಲ್ಲ ತಿನ್ನುತ್ತೇವೆ. ಒಳಗಿನ ಖೋಲಿಯ ಕಿಟಕಿಯಿಂದ ಬಂದ ಗಾಳಿ ಪಡಸಾಲೆ ದಾಟಿ ಹೊರಗೆ ಹೋಗುತ್ತದೆ.

ಸೋದರಿಯರೇ, ಈ ಸಲ ಬಾಗಿಲು ಒಡೆಸುವ ಮೊದಲು, ಗಂಟೆ ಕೊಳ್ಳುವ ಮೊದಲು, ಕಿಟಕಿಗೆ ಅಡ್ಡವಿಟ್ಟ ಚೀಲ ಸರಿಸಿ ನೋಡಿ. ನಿಮ್ಮ ಮನೆಯಲ್ಲಿ ಏನು ಕಂಡಿತೆಂದು ಬರೆದು ತಿಳಿಸುವಿರಲ್ಲವೇ?