ಹಕ್ಕಿಯೂ ಕಾಣಬೇಕು, ಮರವೂ ಕಾಣಬೇಕು

ಪರೀಕ್ಷೆಗಳಲ್ಲಿ ಎರಡು ಬಗೆ. ಕಲಿತದ್ದೆಷ್ಟು ಎಂಬುದನ್ನು ಅಳೆಯುವುದು ಒಂದು. ಕಲಿಯಬಲ್ಲನೋ ಇಲ್ಲವೋ ಎಂಬುದನ್ನು ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಶಾಲೆ ಕಾಲೇಜುಗಳೆಲ್ಲ ಟೊಂಕ ಕಟ್ಟಿ ನಿಂತಿವೆ. ಎರಡನೆಯದರ ಸ್ವರೂಪವೇನೆಂಬುದು ಮಾತ್ರ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬಹುಮಟ್ಟಿಗೆ ಅಸ್ಪಷ್ಟವಾಗಿಯೇ ಉಳಿದಿದೆ. ವ್ಯಾಸಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ನಡೆಸಿದ ಪರೀಕ್ಷೆಯನ್ನು ಕೇಳದವರಿಲ್ಲ. ಆದರೆ ಅದರಲ್ಲಿರುವ ಒಂದು ಸೂಕ್ಷ್ಮವನ್ನು ಗಮನಿಸಿದವರು ಕಡಮೆ. ಮರದ ತುದಿಯಲ್ಲಿದ್ದುದು ನಿಜವಾದ ಹಕ್ಕಿಯಲ್ಲ. ಕುಮಾರರಿಗೆ ತಿಳಿಯದಂತೆ ಆಚಾರ್ಯರು ಶಿಲ್ಪಿಗಳಿಂದ ಮಾಡಿಸಿಟ್ಟಿದ್ದ ಕೃತಕ ಭಾಸಪಕ್ಷಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಪರೀಕ್ಷಾಯಂತ್ರ. ಬಾಣ ಬಿಲ್ಲಿನಿಂದ ಹೊರಡುವ ಮೊದಲೇ ಫಲಿತಾಂಶ ಹೊರಬಿದ್ದಿತು. ಮರವೂ ಗುರುವೂ ತಮ್ಮಂದಿರೂ ಹಕ್ಕಿಯೂ ಕಾಣುತ್ತಿದ್ದಾರೆಂದ ಯುಧಿಷ್ಠಿರನನ್ನು ಆಚಾರ್ಯರು ಗದರಿಸಿ ಹಿಂದೆ ಕಳುಹಿದರು. ಹಕ್ಕಿಯ ತಲೆಯೊಂದೇ ಕಾಣುತ್ತಿದೆಯೆಂದ ಅರ್ಜುನನಿಗೆ ಬಾಣ ಬಿಡಲು ಅಪ್ಪಣೆಯಾಯಿತು.

ನಮ್ಮ ಕಾಲದಲ್ಲಿಯೂ ಇಂತಹ ಪರೀಕ್ಷೆಯೊಂದಿದೆ. ಬಳ್ಳಾರಿಯ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಅದರ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಸಿರುಗುಪ್ಪದ ಭತ್ತದ ಗದ್ದೆಗಳಿಂದ, ಕುರುಗೋಡಿನ ಬೆಟ್ಟದ ಬುಡದ ಬೀದಿಗಳಿಂದ ಓದಲು ಬರುವ ಹುಡುಗರಲ್ಲಿಯೂ, ಈಗೀಗ ಹುಡುಗಿಯರಲ್ಲಿಯೂ, ವಾಯುಪಡೆಯ ವಿಮಾನ ನಡೆಸಬೇಕೆಂಬ ಹಂಬಲವುಳ್ಳವರು ಇದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: “ಈ ಪರೀಕ್ಷೆಗೆ ಸಿದ್ಧತೆ ಸಾಧ್ಯವೆ?” ಸಾಧ್ಯವೆಂದು ಹಣ ಕೇಳುವವರೂ ಉಂಟು; ಅದು ಹುಟ್ಟುಗುಣ, ಸಿದ್ಧತೆಯೆಂಬುದೇ ಇಲ್ಲವೆಂದು ಕೈಚೆಲ್ಲುವವರೂ ಉಂಟು. ಎರಡೂ ಅರ್ಧಸತ್ಯಗಳೇ.

ಮೊದಲು ದಾರಿಯನ್ನು ನೋಡೋಣ. ವಿಮಾನ ಚಾಲಕನಾಗಲು ಮುಖ್ಯವಾದ ಎರಡು ಬಾಗಿಲುಗಳಿವೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನವರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ. ಪದವೀಧರರಿಗೆ ವಾಯುಪಡೆಯೇ ನಡೆಸುವ ‘ಏಫ್‌ಕ್ಯಾಟ್’. ಮೊದಲನೆಯದರಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕಗಳು. ಎರಡನೆಯದರಲ್ಲಿ ಎರಡು ಗಂಟೆ, 100 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಒಂದಂಕ ಕಳೆತ. 12ನೆಯ ತರಗತಿಯಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿರದವನಿಗೆ ಚಾಲಕ ಶಾಖೆಯ ಬಾಗಿಲು ತೆರೆಯದು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಆಯ್ಕೆ ಮಂಡಲಿಯ ಕರೆ ಬರುತ್ತದೆ. ವಾಯುಪಡೆಯ ಆಯ್ಕೆ ಮಂಡಲಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಮರುದಿನ ಮೈಸೂರಿನಲ್ಲಿ ಇಳಿಯಬಹುದು. ರೈಲಿನ ದಾರಿ ಅಷ್ಟೇ. ಉಳಿದ ದಾರಿ ಉದ್ದವಾದದ್ದು.

ಆಯ್ಕೆ ಸುಮಾರು ಐದು ದಿನಗಳ ಕೆಲಸ. ಮೊದಲ ದಿನದ ಬುದ್ಧಿಪರೀಕ್ಷೆ ಮತ್ತು ಚಿತ್ರ ನೋಡಿ ಕಥೆ ಹೇಳುವ ಪರೀಕ್ಷೆಗಳಲ್ಲಿ ಬಹುಮಂದಿ ಮನೆಯ ದಾರಿ ಹಿಡಿಯುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು, ಗುಂಪಿನ ಕೆಲಸಗಳು, ಸಂದರ್ಶನ. ಅರವತ್ತು ಶಬ್ದಗಳು ಒಂದೊಂದಾಗಿ ಕಣ್ಮುಂದೆ ಬಂದು ಹೋಗುತ್ತವೆ. ಒಂದೊಂದಕ್ಕೆ ಹದಿನೈದು ಸೆಕೆಂಡುಗಳಲ್ಲಿ ಮನಸ್ಸಿಗೆ ತೋಚಿದ ವಾಕ್ಯವನ್ನು ಬರೆಯಬೇಕು. ಇವೆಲ್ಲ ಅಧಿಕಾರಿಯಾಗತಕ್ಕವನ ಗುಣಪರೀಕ್ಷೆ. ಚಾಲಕನಾಗಬೇಕೆಂಬವನಿಗೆ ಇದರ ಮೇಲೆ ಇನ್ನೊಂದಿದೆ. ಅದೇ ವೈಮಾನಿಕ ಅರ್ಹತಾ ಪರೀಕ್ಷೆ. ಹಿಂದೆ ಇದನ್ನು ‘ಪಿ.ಎ.ಬಿ.ಟಿ.’ ಎಂದು ಕರೆಯುತ್ತಿದ್ದರು. 2010ರ ದಶಕದಲ್ಲಿ ಅದರ ಸ್ಥಾನಕ್ಕೆ ಗಣಕಯಂತ್ರದ ಮೂಲಕ ನಡೆಯುವ ‘ಸಿ.ಪಿ.ಎಸ್.ಎಸ್.’ ಬಂದಿತು. ಹೆಸರು ಬದಲಾದರೂ ಒಂದು ನಿಯಮ ಬದಲಾಗಲಿಲ್ಲ: ಈ ಪರೀಕ್ಷೆಗೆ ಕುಳಿತುಕೊಳ್ಳುವುದು ಜೀವಮಾನದಲ್ಲಿ ಒಂದೇ ಬಾರಿ. ಲಿಖಿತ ಪರೀಕ್ಷೆಯನ್ನು ವಯಸ್ಸು ಮೀರುವತನಕ ಮತ್ತೆ ಮತ್ತೆ ಬರೆಯಬಹುದು. ಸಂದರ್ಶನಕ್ಕೆ ಮತ್ತೆ ಹೋಗಬಹುದು. ಇಲ್ಲಿ ಮಾತ್ರ ಒಮ್ಮೆ ಸೋತವನು ಚಾಲಕ ಶಾಖೆಯ ಕನಸನ್ನು ಅಲ್ಲಿಯೇ ಬಿಟ್ಟು ಬರಬೇಕು.

ನಿಯಮ ಕಠೋರವೆನ್ನಿಸಬಹುದು. ಆದರೆ ಅದಕ್ಕೆ ಕಾರಣವುಂಟು. ಇದೇ ಯಂತ್ರದ ಮುಂದೆ ಹತ್ತು ಸಲ ಕುಳಿತವನಲ್ಲಿ ಅಳೆಯಲಾಗುವುದು ಅರ್ಹತೆಯಲ್ಲ, ಆ ಯಂತ್ರದ ರೂಢಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುದಳ ಮನಶ್ಶಾಸ್ತ್ರಜ್ಞರ ನೆರವಿನಿಂದ ಇಂತಹ ಪರೀಕ್ಷೆಗಳನ್ನು ಬಹುದೊಡ್ಡ ಪ್ರಮಾಣದಲ್ಲಿ ನಡೆಸಿತು. ಅಭ್ಯರ್ಥಿಗಳನ್ನು ಒಂದರಿಂದ ಒಂಬತ್ತರವರೆಗಿನ ಶ್ರೇಣಿಯಲ್ಲಿ ನಿಲ್ಲಿಸಿತು. ಕೆಳಗಿನ ಶ್ರೇಣಿಯವರು ತರಬೇತಿಯಲ್ಲಿ ಎಡವಿದ್ದು ಹೆಚ್ಚು, ಮೇಲಿನ ಶ್ರೇಣಿಯವರು ಎಡವಿದ್ದು ಕಡಮೆ. ನಮ್ಮ ದೇಶದಲ್ಲಿ ಅಧಿಕಾರಿಗಳನ್ನು ಮನಶ್ಶಾಸ್ತ್ರದ ರೀತಿಯಿಂದ ಆರಿಸುವ ಪ್ರಯೋಗ ಡೆಹ್ರಾಡೂನಿನಲ್ಲಿ 1943ರಲ್ಲಿ ಆರಂಭವಾಯಿತು. ಆಕಾಶದಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣ. ಆದಕಾರಣ ಆ ತಪ್ಪನ್ನು ನೆಲದ ಮೇಲೆಯೇ ಕಂಡುಕೊಳ್ಳುವುದು ಕ್ರೌರ್ಯವಲ್ಲ, ಕರುಣೆ. ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧದ ಬಳಿ, ವೇಗದಲ್ಲಿ ತಮ್ಮದಕ್ಕಿಂತ ಬಹಳ ಮೇಲಾದ ಸ್ಟಾರ್‌ಫೈಟರ್ ವಿಮಾನವನ್ನು ಮಿಸ್ಟೇರ್ ವಿಮಾನದಿಂದ ಎದುರಿಸಿ ಕೆಡವಿದರು. ಅವರು ಹಿಂದಿರುಗಲಿಲ್ಲ, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅಂತಹ ಕ್ಷಣದಲ್ಲಿ ಕೈ, ಕಾಲು, ಕಣ್ಣು, ಬುದ್ಧಿ ಒಂದಕ್ಕೊಂದು ಕಾಯುತ್ತ ಕೂಡುವಂತಿಲ್ಲ.

ಹಾಗಾದರೆ ಈ ಪರೀಕ್ಷೆಯಲ್ಲಿ ಏನಿದೆ? ಹಳೆಯ ಪದ್ಧತಿಯ ಯಂತ್ರವನ್ನು ನೆನೆದರೆ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಅಭ್ಯರ್ಥಿಯ ಮುಂದೆ ಒಂದು ಪರದೆ. ಅದರಲ್ಲಿ ಓಡಾಡುವ ಬೆಳಕಿನ ಚುಕ್ಕೆ. ಕೈಯಲ್ಲಿ ಒಂದು ಹಿಡಿಗೋಲು, ಕಾಲುಗಳ ಕೆಳಗೆ ಎರಡು ತುಳಿಹಲಗೆಗಳು. ಚುಕ್ಕೆಯ ಒಂದು ದಿಕ್ಕಿನ ಚಲನೆ ಕೈಯ ಅಧೀನ, ಇನ್ನೊಂದು ದಿಕ್ಕಿನ ಚಲನೆ ಕಾಲಿನ ಅಧೀನ. ಅದನ್ನು ನಡುವಿನ ಚೌಕದೊಳಗೆ ನಿಲ್ಲಿಸಬೇಕು. ನಿಲ್ಲಿಸುತ್ತಿರುವಾಗಲೇ ಬಣ್ಣದ ದೀಪಗಳು ಹೊತ್ತಿಕೊಳ್ಳುತ್ತವೆ, ಸದ್ದು ಕೇಳುತ್ತದೆ; ಇವುಗಳನ್ನೂ ಆರಿಸಬೇಕು. ಚುಕ್ಕೆಯನ್ನೇ ನೋಡುತ್ತ ಕುಳಿತವನು ದೀಪವನ್ನು ಕಾಣುವುದಿಲ್ಲ. ದೀಪದ ಬೆನ್ನು ಹತ್ತಿದವನ ಚುಕ್ಕೆ ಚೌಕವನ್ನು ದಾಟಿರುತ್ತದೆ.

ಇಲ್ಲಿ ದ್ರೋಣಾಚಾರ್ಯರ ತೀರ್ಪು ತಲೆಕೆಳಗಾಗುವುದನ್ನು ವಾಚಕರು ಗಮನಿಸಬೇಕು. ಹಕ್ಕಿಯ ತಲೆಯೊಂದನ್ನೇ ಕಂಡವನು ಬಿಲ್ಲಿಗೆ ಯೋಗ್ಯ. ವಿಮಾನಕ್ಕೆ ಅವನು ಸಾಲದು. ಅಲ್ಲಿ ಬೇಕಾದವನು ಮರವನ್ನೂ ಗುರುವನ್ನೂ ತಮ್ಮಂದಿರನ್ನೂ ಹಕ್ಕಿಯನ್ನೂ ಒಮ್ಮೆಗೇ ಕಾಣುವ, ಮತ್ತು ಯಾವುದು ಯಾವ ಕ್ಷಣದಲ್ಲಿ ಮುಖ್ಯವೆಂದು ಅರಿಯುವ ಯುಧಿಷ್ಠಿರ. ಏಕಾಗ್ರತೆಯೇ ವಿದ್ಯಾರ್ಥಿಯ ಪರಮಗುಣವೆಂದು ನಾವು ಉಪದೇಶಿಸುತ್ತ ಬಂದಿದ್ದೇವೆ. ಈ ಪರೀಕ್ಷೆ ಕೇಳುವುದು ಏಕಾಗ್ರತೆಯನ್ನಲ್ಲ, ಅವಧಾನವನ್ನು.

ಅವಧಾನವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ತೆಲುಗಿನ ನೆರೆಯಲ್ಲಿರುವ ಬಳ್ಳಾರಿ ಸೀಮೆಗೆ ಅದು ಅಪರಿಚಿತವಲ್ಲ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಅದಕ್ಕೆ ಹೊಸ ಕಳೆ ತಂದರು. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತು, ಒಬ್ಬರು ಅಕ್ಷರವನ್ನು ನಿಷೇಧಿಸುತ್ತ, ಒಬ್ಬರು ಸಮಸ್ಯೆಯನ್ನು ಒಡ್ಡುತ್ತ, ಒಬ್ಬರು ಸಂಖ್ಯೆಗಳನ್ನು ಕೇಳುತ್ತ, ಇನ್ನೊಬ್ಬರು ಅಪ್ರಸ್ತುತವಾದ ಮಾತಿನಿಂದ ಗಮನ ಕೆಡಿಸುತ್ತ ಇದ್ದರೂ ಅವಧಾನಿಯ ಪದ್ಯ ತನ್ನ ಛಂದಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ. ದೇಹದ ಅವಧಾನಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. ತೊಗಲುಗೊಂಬೆಯವರನ್ನು ನೋಡಿರಿ: ಎರಡು ಕೈಗಳಲ್ಲಿ ಎರಡು ಗೊಂಬೆಗಳು, ಬಾಯಲ್ಲಿ ಹಾಡು, ಯುದ್ಧದ ಸದ್ದಿಗೆ ಕಾಲಿನಡಿಯ ಹಲಗೆ. 2023ರಲ್ಲಿ ಕಣ್ಮರೆಯಾದ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಬಳ್ಳಾರಿಯಲ್ಲಿ ಬಹುಕಾಲ ಬಾಳಿಸಿದರು. ಪರೀಕ್ಷಾಯಂತ್ರ ಅಳೆಯುವ ಶಕ್ತಿ ಹಳ್ಳಿಯ ಮಗುವಿಗೆ ಪರಕೀಯವೆಂಬ ಅಂಜಿಕೆಗೆ ಆಧಾರವಿಲ್ಲ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಚಕ್ರವನ್ನು ಸಾಲಿನ ಮೇಲೆ ನಿಲ್ಲಿಸುತ್ತ ಹಿಂದಿನ ನೇಗಿಲನ್ನೂ ನೋಡಿಕೊಳ್ಳುವ ಸಿರುಗುಪ್ಪದ ಹುಡುಗನಿಗೆ ಅದರ ಮೊದಲ ಪಾಠ ಆಗಿಯೇ ಇದೆ.

ಪರಕೀಯವಾದದ್ದು ಬೇರೆ: ಯಂತ್ರದ ಮುಖ, ಮಾಪಕಗಳ ಲಿಪಿ, ಸೂಚನೆಗಳ ಭಾಷೆ. ಸಿದ್ಧತೆಯೆಂಬುದು ನಿಜವಾಗಿ ಇವುಗಳ ಅಪರಿಚಯವನ್ನು ಕಳೆಯುವುದು. ವಿಮಾನದ ಮುಖ್ಯ ಮಾಪಕಗಳು ಆರು: ವೇಗಮಾಪಕ, ಎತ್ತರಮಾಪಕ, ಕೃತಕ ದಿಗಂತ, ದಿಕ್ಸೂಚಿ, ಏರಿಳಿತದ ಮಾಪಕ, ತಿರುವಿನ ಮಾಪಕ. ಎತ್ತರಮಾಪಕ ಗಡಿಯಾರದಂತೆಯೇ ಇದೆ. ಅದರ ಉದ್ದ ಮುಳ್ಳು ನೂರಾರು ಅಡಿಗಳನ್ನೂ, ಗಿಡ್ಡ ಮುಳ್ಳು ಸಾವಿರಗಳನ್ನೂ ತೋರಿಸುತ್ತದೆ. ಗಿಡ್ಡ ಮುಳ್ಳು ಮೂರನ್ನು ದಾಟಿ, ಉದ್ದ ಮುಳ್ಳು ಐದರಲ್ಲಿದ್ದರೆ 3,500 ಅಡಿ. ಹೆಚ್ಚು ಮಂದಿ ಎಡವುವುದು ಕೃತಕ ದಿಗಂತದಲ್ಲಿ. ವಿಮಾನ ಎಡಕ್ಕೆ ವಾಲಿದಾಗ ಮಾಪಕದ ದಿಗಂತರೇಖೆ ಬಲಕ್ಕೆ ವಾಲಿದಂತೆ ಕಾಣುತ್ತದೆ. ಓಡುವ ಬಸ್ಸಿನಿಂದ ನೋಡುವವನಿಗೆ ರಸ್ತೆಬದಿಯ ಮರಗಳು ಹಿಂದಕ್ಕೆ ಓಡುವಂತೆ ತೋರುವುದಿಲ್ಲವೆ? ಇದೂ ಹಾಗೆಯೇ. ಚಲಿಸಿದವರು ನಾವು, ಚಲಿಸಿದಂತೆ ಕಾಣುವುದು ಹೊರಗಿನದು. ಈ ಒಂದು ಮಾತು ಮನಸ್ಸಿಗೆ ಹತ್ತಿದವನು ಮಾಪಕಗಳ ಚಿತ್ರ ನೋಡಿ ವಿಮಾನದ ಭಂಗಿಯನ್ನು ಹೇಳಬಲ್ಲನು. ಇದಕ್ಕೆ ವಿಮಾನ ಬೇಡ, ಕಾಗದ ಪೆನ್ಸಿಲು ಸಾಕು.

ಇದಕ್ಕೂ ಮೊದಲು ಮಾಡಬೇಕಾದದ್ದು ಅಳತೆ. ಚಾಲಕನ ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು. ಕಾಲಿನ ಉದ್ದ 99ರಿಂದ 120ರೊಳಗೆ, ತೊಡೆಯ ಉದ್ದ 64ನ್ನು ಮೀರದಂತೆ ಇರಬೇಕು. ವಿಮಾನದ ಆಸನ ಎಲ್ಲರ ದೇಹಕ್ಕೂ ಹೊಂದುವಂಥದ್ದಲ್ಲ. ಕಣ್ಣಿನ ಪರೀಕ್ಷೆಯೂ, ಬಣ್ಣಗಳನ್ನು ಗುರುತಿಸುವ ಪರೀಕ್ಷೆಯೂ ಕಟ್ಟುನಿಟ್ಟಾದವು. ಮೂರು ವರ್ಷ ಹಗಲಿರುಳೂ ಓದಿ, ಕೊನೆಯ ದಿನ ವೈದ್ಯರ ಮುಂದೆ ಬಣ್ಣಗುರುಡು ಬೆಳಕಿಗೆ ಬಂದ ಹುಡುಗನ ದುಃಖವನ್ನು ಒಂದು ಗಂಟೆಯ ಕಣ್ಣಿನ ತಪಾಸಣೆ ತಪ್ಪಿಸಬಲ್ಲದು. ಉಳಿದದ್ದು ನಿದ್ರೆ, ಆಟ, ಓಟ. ಹಿಂದಿನ ರಾತ್ರಿ ನಿದ್ದೆಗೆಟ್ಟ ಕೈಕಾಲುಗಳಿಗೆ ಯಾವ ಪುಸ್ತಕವೂ ನೆರವಾಗದು.

ಇನ್ನು ಭಾಷೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿದೆ, ಏಫ್‌ಕ್ಯಾಟ್ ಇಂಗ್ಲಿಷಿನಲ್ಲಿ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಸಿಪಾಯಿಯ ಬಾಗಿಲಿನಲ್ಲಿ ನಮ್ಮ ಭಾಷೆಗೆ ಸ್ಥಳ ದೊರೆತಿದೆ, ಅಧಿಕಾರಿಯ ಬಾಗಿಲಿನಲ್ಲಿ ಇನ್ನೂ ಇಲ್ಲ. ಆಕಾಶದ ಸಂವಾದ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬುದನ್ನು ಒಪ್ಪೋಣ. ಆದರೆ ಕಲಿಯುವ ಶಕ್ತಿಯನ್ನು ಅಳೆಯಲು ಹೊರಟವರು, ಶಕ್ತಿಗೆ ಮೊದಲು ಭಾಷೆಯನ್ನೇ ಅಳೆದುಬಿಟ್ಟರೆ ನಷ್ಟ ಹುಡುಗನಿಗೆ ಮಾತ್ರವಲ್ಲ, ವಾಯುಪಡೆಗೂ ಉಂಟು. ಆ ನ್ಯಾಯ ದೊರೆಯುವತನಕ ಕನ್ನಡ ಮಾಧ್ಯಮದ ವಿದ್ಯಾರ್ಥಿ ಇಂಗ್ಲಿಷಿಗೆ ಅಂಜಿ ಹಿಂದೆ ಸರಿಯಬಾರದು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಓದಿದ್ದನ್ನು ಗೆಳೆಯನಿಗೆ ಸ್ವಂತ ಮಾತಿನಲ್ಲಿ ಹೇಳುವ ಅಭ್ಯಾಸ ಎರಡು ವರ್ಷಗಳಲ್ಲಿ ಮಾಡುವ ಕೆಲಸವನ್ನು ಎರಡು ತಿಂಗಳ ಯಾವ ತರಬೇತಿಯೂ ಮಾಡಲಾರದು.

ಹುಡುಗಿಯರಿಗೂ ಈ ಮಾತು ಸಲ್ಲುತ್ತದೆ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಯುದ್ಧವಿಮಾನಗಳ ಶಾಖೆಯನ್ನು ಸೇರಿದರು. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ ಅದೇ ಹಾದಿಯಲ್ಲಿ ನಡೆದರು. 2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೂ ಅವರಿಗೆ ತೆರೆದಿದೆ.

ಒಂದೇ ಬಾರಿಯ ಪರೀಕ್ಷೆಯಲ್ಲಿ ಸೋತವನ ಗತಿಯೇನು? ಅಬ್ದುಲ್ ಕಲಾಮರು ಯೌವನದಲ್ಲಿ ಡೆಹ್ರಾಡೂನಿನ ವಾಯುಪಡೆಯ ಆಯ್ಕೆ ಮಂಡಲಿಯ ಮುಂದೆ ನಿಂತವರು. ಇಪ್ಪತ್ತೈದು ಮಂದಿಯಲ್ಲಿ ಒಂಬತ್ತನೆಯವರಾದರು. ಬೇಕಾಗಿದ್ದವರು ಎಂಟೇ ಮಂದಿ. ಆ ಸೋಲಿನ ಭಾರವನ್ನು ಹೊತ್ತು ಅವರು ಹೃಷೀಕೇಶಕ್ಕೆ ನಡೆದರೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ತಿಳಿದದ್ದೇ. 2006ರಲ್ಲಿ ಅವರು ಪುಣೆಯಿಂದ ಸುಖೋಯ್ ಯುದ್ಧವಿಮಾನವನ್ನೇರಿದಾಗ ರಾಷ್ಟ್ರಪತಿಯಾಗಿದ್ದರು. ಎಲ್ಲರೂ ಕಲಾಮರಾಗುವುದಿಲ್ಲ. ಆದರೆ ಪರೀಕ್ಷೆ ಹೇಳುವುದು ಇಷ್ಟೇ: ಈ ಕೈಗೆ ಈ ಹಿಡಿಗೋಲು ಒಗ್ಗದು. ಆ ಕೈಯಿಂದ ಏನೂ ಆಗದೆಂದು ಅದು ಹೇಳುವುದಿಲ್ಲ. ಮರದ ಬುಡದಿಂದ ಗದರಿಸಿ ಕಳುಹಲ್ಪಟ್ಟವನೇ ಮುಂದೆ ಹಸ್ತಿನಾವತಿಯ ಸಿಂಹಾಸನವನ್ನೇರಿದವನು.

ಅಧ್ಯಾಪಕರಲ್ಲಿ ಒಂದು ವಿನಂತಿ. ತಾಲ್ಲೂಕಿಗೊಂದರಂತೆಯಾದರೂ ಸಿರುಗುಪ್ಪ, ಕುರುಗೋಡುಗಳ ಕಾಲೇಜಿನ ಗೋಡೆಯ ಮೇಲೆ ಆರು ಮಾಪಕಗಳ ಒಂದು ಚಿತ್ರವನ್ನು ಬರೆಯಿಸಿ, ಅದರ ಕೆಳಗೆ ಅವುಗಳ ವಿವರಣೆಯನ್ನು ಕನ್ನಡದಲ್ಲಿ ಕೊಡಿರಿ. ಪಕ್ಕದಲ್ಲಿ ವಯಸ್ಸು, ಎತ್ತರ, ಕಣ್ಣುಗಳ ನಿಯಮವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ನೂರು ಮಕ್ಕಳು ಅದನ್ನು ನೋಡದೆ ಹಾದುಹೋಗಬಹುದು. ನಿಂತು ನೋಡುವ ಒಂದು ಮಗು, ತನಗಿರುವ ಒಂದೇ ಅವಕಾಶದ ದಿನ, ಆ ಯಂತ್ರವನ್ನು ಮೊದಲ ಬಾರಿಗೆ ಕಾಣುವವರ ಸಾಲಿನಲ್ಲಿ ಇರುವುದಿಲ್ಲ.